ಇಂಗ್ಲಿಷಿನಲ್ಲಿ ಹಾಕಿದ ಒಡಪು

ನನ್ನ ಹೆಸರು ಉಳವಪ್ಪ. ಇದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ, ಯಾಕೆಂದರೆ ಮುಂದಿನ ಗದ್ದಲವೆಲ್ಲ ಈ ನಾಲ್ಕಕ್ಷರದ ಸಲುವಾಗಿಯೇ ನಡೆದದ್ದು.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವ ಹಾಗಿಲ್ಲ. ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದಂತೆ. ಇದನ್ನು ಯಾವ ಹಿರಿಯ ಕಂಡುಹಿಡಿದನೋ, ಅವನೇನಾದರೂ ಕೈಗೆ ಸಿಕ್ಕರೆ ನಾನು ಕೇಳಬೇಕಾದ ಮಾತು ಬಹಳ ಇವೆ. ಬೇರೆ ಮನೆಗಳಲ್ಲಿ ಹೆಸರಷ್ಟೇ ನಿಷಿದ್ಧ. ನಮ್ಮ ಮನೆಯಲ್ಲಿ ನನ್ನವ್ವ ಸಿದ್ದವ್ವನ ಕಾಯಿದೆ ಇನ್ನೂ ಬಿಗಿ. ಹೆಸರಿನ ಹತ್ತಿರ ಸುಳಿಯುವ ಶಬ್ದವೂ ಸೊಸೆಯ ಬಾಯಲ್ಲಿ ಬರಕೂಡದು. ಹೀಗಾಗಿ ನನ್ನ ಹೆಂಡತಿ ದಾನವ್ವ ಉಳ್ಳಾಗಡ್ಡಿಗೆ ಉಳ್ಳಾಗಡ್ಡಿ ಅನ್ನುತ್ತಿರಲಿಲ್ಲ. ಕಾಯಿಪಲ್ಲೆ ಮಾರುವ ಜನ್ನತಬಿ ಬಾಗಿಲಿಗೆ ಬಂದರೆ, "ಆ ಅಳಸೋ ಗಡ್ಡಿ ಒಂದ ಸೇರ ಕೊಡವಾ" ಎಂದು ಕೇಳುತ್ತಿದ್ದಳು. ಜನ್ನತಬಿ ತುಟಿ ಪಿಟ್ಟೆನ್ನದೆ ತೂಗಿ ಕೊಡುತ್ತಿದ್ದಳು.

ಹೆಸರು ಹೇಳುವುದಕ್ಕೆ ಇರುವುದು ಒಂದೇ ಸಂದಿ, ಒಡಪು. ಮದುವೆಯಾಗಿ ಹೊಸ್ತಿಲಿಗೆ ಬಂದ ಸೊಸೆಯನ್ನು ನಾದಿನಿಯರು ಅಡ್ಡಗಟ್ಟಿ, ಗಂಡನ ಹೆಸರು ಹೇಳಿದರಷ್ಟೇ ಒಳಗೆ ಎಂದು ಕಾಡುತ್ತಾರಲ್ಲ, ಆಗ ಹೆಸರನ್ನು ಒಂದು ಪದ್ಯದಲ್ಲಿ ಸುತ್ತಿ ಹೇಳಿದರೆ ದೋಷವಿಲ್ಲ. ದಾನವ್ವ ಹಾನಗಲ್ಲಿನವಳು. ಮದುವೆಯ ದಿನ ನನ್ನ ತಂಗಿಯರು ದಾರಿ ಕಟ್ಟಿದಾಗ ತಲೆ ತಗ್ಗಿಸಿಕೊಂಡೇ ಹೀಗೆ ಹಾಕಿದ್ದಳು:

"ಹಾನಗಲ್ಲ ಕೆರಿ ಕೆಳಗ ಹಚ್ಚನ್ನ ಭತ್ತದ ಗದ್ದಿ,
ಉಳವಪ್ಪನವರ ಹೆಸರ ಹೇಳೇನಿ, ಬರಲಿ ನಾದಿನ್ಯಾರಿಗೆ ಬುದ್ಧಿ."

ಚಪ್ಪರವೆಲ್ಲ ನಕ್ಕಿತು. ನನ್ನ ತಂಗಿಯರು ಮುಖ ಊದಿಸಿಕೊಂಡು ದಾರಿ ಬಿಟ್ಟರು. ಅಲ್ಲಿಂದ ಈ ಗದ್ದಲದವರೆಗೆ ಅವಳ ಬಾಯಲ್ಲಿ ನಾನು ನನ್ನ ಹೆಸರು ಕೇಳಿದ್ದು ಅದೊಂದೇ ಸಲ.

ದಾನವ್ವ ಮದುವೆಗೆ ಮುಂಚೆಯೇ ಕನ್ನಡ ಶಾಲೆಯ ಕೊನೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಕನ್ನಡದಲ್ಲಿ ಅವಳನ್ನು ಯಾರೂ ಅಲ್ಲಾಡಿಸುವ ಹಾಗಿರಲಿಲ್ಲ, ಆದರೆ ಇಂಗ್ಲಿಷ್ ಬಾರದು. ನಾನು ಧಾರವಾಡದಲ್ಲಿ ಮ್ಯಾಟ್ರಿಕ್ಕಿನವರೆಗೆ ಓದಿ, ಅಪ್ಪ ತೀರಿಕೊಂಡನೆಂದು ಬಿಟ್ಟು ಬಂದು, ಶಿಗ್ಗಾಂವದ ಪೇಟೆಯಲ್ಲಿ ಕಾಳಿನ ಅಂಗಡಿಯ ಗಾದಿಯ ಮೇಲೆ ಕೂತವನು. ಬಂದ ಇಂಗ್ಲಿಷನ್ನು ಯಾರ ಮುಂದೆ ಆಡಲಿ? ಜೋಳದ ಚೀಲಕ್ಕೆ ಇಂಗ್ಲಿಷ್ ತಿಳಿಯುವುದಿಲ್ಲ, ಜೋಳ ತರುವವರಿಗೂ ತಿಳಿಯುವುದಿಲ್ಲ. ಹೀಗಾಗಿ ಮಧ್ಯಾಹ್ನ ಊಟಕ್ಕೆ ಬಂದಾಗ ಹೆಂಡತಿಗೇ ಕಲಿಸಲು ಶುರು ಮಾಡಿದೆ. ಅವಳು ಕಲಿತ ವೇಗ ನೋಡಿ ನನಗೇ ಗಾಬರಿಯಾಯಿತು. ಇವತ್ತು ಹೇಳಿಕೊಟ್ಟದ್ದನ್ನು ನಾಳೆ ನನಗೇ ತಿರುಗಿಸಿ ಕೇಳುತ್ತಿದ್ದಳು, ನಾನು ತಡವರಿಸಿದರೆ ನಗುತ್ತಿದ್ದಳು.

ಒಂದು ದಿನ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗದ ಪಾಠ ಬಂತು. ಆ್ಯಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್. ನಾನು ಎಲ್ಲ ಮಾಸ್ತರರ ಹಾಗೆ ರಾಮನನ್ನೂ ರಾವಣನನ್ನೂ ಕರೆತಂದೆ. "ರಾಮಾ ಕಿಲ್ಡ್ ರಾವಣಾ" ಅಂದರೆ ರಾಮ ರಾವಣನನ್ನು ಕೊಂದ. ಅದನ್ನೇ ತಿರುವಿ "ರಾವಣಾ ವಾಜ್ ಕಿಲ್ಡ್ ಬೈ ರಾಮಾ" ಅಂದರೆ ರಾವಣನು ರಾಮನಿಂದ ಕೊಲ್ಲಲ್ಪಟ್ಟ.

"ಮಾಡಿದವ ಯಾರಂತ ಹೇಳೂದು ಬ್ಯಾಡಾಗಿದ್ರ ಆ 'ಬೈ ರಾಮಾ' ಬಿಟ್ಟರೂ ನಡೀತದ" ಎಂದೆ.

ಅವಳು ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಬಿಟ್ಟರ ನಡೀತದೇನ್ರಿ? ಮಾಡಿದವರ ಹೆಸರ ಹೇಳದನ ವಾಕ್ಯ ಪೂರಾ ಆಗ್ತದ?"

"ಪೂರಾ ಆಗ್ತದ."

"ಯಾರೂ ತಪ್ಪ ಅನ್ನಂಗಿಲ್ಲ?"

"ಸಾಹೇಬ ಸುದ್ದಾ ಅನ್ನಂಗಿಲ್ಲ."

ಅವಳು ಎದ್ದಳು, ಅಡುಗೆಮನೆಗೆ ಹೋದಳು, ಯಾಕೆ ಹೋದೆನೆಂದು ಮರೆತು ವಾಪಸ್ಸು ಬಂದಳು. ಕಣ್ಣು ಮಿಂಚುತ್ತಿದ್ದವು. "ನೋಡ್ರಿ, ಈ ಇಂಗ್ಲಿಷ್ ನಾ ಬಿಡಾಂಗಿಲ್ಲ. ಇದು ನಮ್ಮಂಥಾ ಹೆಣ್ಮಕ್ಕಳ ಸಲುವಾಗಿನ ಮಾಡಿದ ಭಾಷಾ ಐತಿ" ಎಂದಳು.

ಅಂದಿನಿಂದ ನನ್ನ ಮನೆಯಲ್ಲಿ ಎಲ್ಲ ಕೆಲಸವೂ ತನ್ನಷ್ಟಕ್ಕೆ ತಾನೇ ಆಗತೊಡಗಿತು. ನಾನು ಅಂಗಡಿಗೆ ಹೊರಟರೆ "ದಿ ಶಾಪ್ ವಿಲ್ ಬಿ ಓಪನ್ಡ್." ನಾನು ಉಂಡರೆ "ದಿ ರೊಟ್ಟಿ ಈಜ್ ಈಟನ್." ನಾನು ಸವಣೂರಿನ ಸಂತೆಯಲ್ಲಿ ಛತ್ರಿ ಮರೆತು ಬಂದರೆ "ದಿ ಅಂಬ್ರೆಲಾ ಈಜ್ ಲಾಸ್ಟ್ ಅಗೇನ್." ಉಂಡವನೂ ನಾನೇ, ಕಳೆದವನೂ ನಾನೇ, ಆದರೆ ಯಾವ ವಾಕ್ಯದಲ್ಲೂ ನನ್ನ ಸುಳಿವಿಲ್ಲ. ಮೊದಮೊದಲು ನಗು ಬಂತು. ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಬೈಯುವುದಕ್ಕಾದರೂ ಒಮ್ಮೆ ಹೆಸರು ಹಿಡಿದು ಬೈಯಬಾರದೇ ಅನ್ನಿಸುತ್ತಿತ್ತು.

ಮೂವತ್ತೆಂಟನೆಯ ಇಸವಿಯ ಶ್ರಾವಣದಲ್ಲಿ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ವರ್ಗ ತೆರೆಯುವ ಮಾತು ಎದ್ದಿತು. ಕಲಿಸುವುದಕ್ಕೆ ಹೆಂಗಸೇ ಬೇಕು, ಇಲ್ಲದಿದ್ದರೆ ಯಾವ ಮನೆಯವರೂ ದೊಡ್ಡ ಹುಡುಗಿಯರನ್ನು ಕಳಿಸುವುದಿಲ್ಲ. ಹಿರೇಕೆರೂರಿನಲ್ಲಿ ಹುಡುಕಿದರು, ಹಾನಗಲ್ಲಿನಲ್ಲಿ ಹುಡುಕಿದರು, ಇಂಗ್ಲಿಷ್ ಬಲ್ಲ ಹೆಂಗಸು ಸಿಗಲಿಲ್ಲ. ಕೊನೆಗೆ ಶಾಲೆಯ ಪಂಚರು ನಮ್ಮ ಬಾಗಿಲಿಗೆ ಬಂದರು. ಬೆಳಗಾವಿಯ ಕಡೆಯಿಂದ ಸುಮನಬಾಯಿ ಎಂಬ ತಪಾಸಣೆಯ ಅಧಿಕಾರಿಣಿ ಬರುತ್ತಾರೆ, ಅವರು ಪರೀಕ್ಷೆ ಮಾಡಿ ಹೂಂ ಅಂದರೆ ದಾನವ್ವನೇ ಮಾಸ್ತರಬಾಯಿ, ಊಂಹೂಂ ಅಂದರೆ ವರ್ಗವೇ ಇಲ್ಲ ಎಂದರು.

ಪಂಚರು ಹೋದ ಮೇಲೆ ದಾನವ್ವ ನನ್ನ ಮುಂದೆ ಬಂದು ನಿಂತಳು. "ನನಗ ಇದು ಬೇಕ್ರಿ" ಎಂದಳು. ಸೀರೆ ಬೇಕು, ಬಳೆ ಬೇಕು ಎಂದು ಒಂದು ದಿನವೂ ಕೇಳಿದವಳಲ್ಲ. ಆ ಮಾತು ನನ್ನ ಎದೆಗೆ ನಾಟಿತು.

ಅವ್ವ ಎಲೆ ಮಡಿಸುತ್ತ ಕೂತಿದ್ದಳು. ಸವಣೂರ ಎಲೆ ಇಲ್ಲದೆ ಅವ್ವನಿಗೆ ವಿಚಾರ ಹೊಳೆಯುವುದಿಲ್ಲ. ಬಹಳ ಹೊತ್ತು ಅಗಿದು ಹೇಳಿದಳು:

"ಹೋಗಲಿ, ಕಲಸಲಿ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಸಾಲ್ಯಾಗ ನಾಕ ಮಂದಿ ಮುಂದ ಗಂಡನ ಹೆಸರ ಬಾಯಾಗ ಬಂತಂದ್ರ, ಅವತ್ತಿಗೆ ಸಾಲಿ ಮುಗೀತು. ಪರೀಕ್ಷಾಕ್ಕ ನಾನೂ ಬರ್ತೇನಿ."

"ಇಂಗ್ಲಿಷ್ ಪರೀಕ್ಷಾದಾಗ ನನ್ನ ಹೆಸರ ಯಾಕ ಬರ್ತದಬೇ?" ಎಂದು ನಕ್ಕೆ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಅನ್ನುವುದಕ್ಕೆ ನಮ್ಮ ಕೈಯಲ್ಲಿ ಕರ್ಮಣಿ ಪ್ರಯೋಗವಿತ್ತಲ್ಲ. ನನಗೆ ಹೆದರಿಕೆಯೇ ಇರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಗೌಸಸಾಬನ ಟಾಂಗಾ ಕಟ್ಟಿಸಿಕೊಂಡು ಮೂವರೂ ಹೋದೆವು. ದಾನವ್ವ ಒಳಗೆ, ನಾನು ಮತ್ತು ಅವ್ವ ಹೊರಗೆ ಕಟ್ಟೆಯ ಮೇಲೆ, ಸರಿಯಾಗಿ ಕಿಟಕಿಯ ಕೆಳಗೆ. ಆಚೆ ಬಾಗಿಲಲ್ಲಿ ಶಾಲೆಯ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಇಣುಕುತ್ತಿದ್ದರು. ಸುಮನಬಾಯಿ ದುಂಡು ಕನ್ನಡಕದ ಹೆಂಗಸು, ಕಾಲಲ್ಲಿ ಬೂಟು, ಮಾತಿನಲ್ಲಿ ಒಂದು ಶಬ್ದವೂ ಹೆಚ್ಚಿಲ್ಲ. ನೋಡಿದೊಡನೆ ನನಗೆ ಮ್ಯಾಟ್ರಿಕ್ಕಿನ ದಿನಗಳು ನೆನಪಾದವು.

ದಾನವ್ವ ಓದಿದಳು, ಎಲ್ಲಿಯೂ ಎಡವಲಿಲ್ಲ. ಹೇಳಿದ್ದನ್ನು ಬರೆದಳು, ತಪ್ಪಿಲ್ಲ. ಆಮೇಲೆ ಸುಮನಬಾಯಿ ವಾಕ್ಯಗಳನ್ನು ಎಸೆಯಲು ಶುರು ಮಾಡಿದರು. ಕರ್ತರಿ ಕೊಟ್ಟರೆ ಕರ್ಮಣಿ, ಕರ್ಮಣಿ ಕೊಟ್ಟರೆ ಕರ್ತರಿ. ಬಡಗಿ ಕುರ್ಚಿ ಮಾಡಿದ. ಹಾಲು ಬೆಕ್ಕಿನಿಂದ ಕುಡಿಯಲ್ಪಟ್ಟಿತು. ಮಳೆ ಬೆಳೆಯನ್ನು ಉಳಿಸಿತು. ಎಲ್ಲ ಇಂಗ್ಲಿಷಿನಲ್ಲಿ, ಒಂದರ ಬೆನ್ನಿಗೆ ಒಂದು. ದಾನವ್ವ ರೊಟ್ಟಿ ತಿರುವಿ ಹಾಕಿದಷ್ಟು ಸಲೀಸಾಗಿ ತಿರುವಿ ತಿರುವಿ ಹಾಕಿದಳು. ನಾನು ಕಟ್ಟೆಯ ಮೇಲೆ ಕೂತಲ್ಲೇ ಕುಣಿಯುತ್ತಿದ್ದೆ. ಪ್ರತಿ ಉತ್ತರಕ್ಕೂ ಅವ್ವ, "ಬರೋಬರ್ ಐತೇನ?" ಎಂದು ನನ್ನ ಮೊಳಕೈ ತಿವಿಯುತ್ತಿದ್ದಳು. ನಾನು ಹೂಂಗುಟ್ಟಿದರೆ ಅವಳ ಮುಖವೂ ಅರಳುತ್ತಿತ್ತು, ಅದನ್ನು ನಾನು ಓರೆಗಣ್ಣಿನಲ್ಲಿ ನೋಡಿದೆ.

ಸುಮನಬಾಯಿ ಪುಸ್ತಕ ಮುಚ್ಚಿದರು. ಆಯಿತು, ಪಾಸಾದಳು ಅಂದುಕೊಂಡೆ. ಆಗ ಅವರು ಸಲುಗೆಯಿಂದಲೇ ಇಂಗ್ಲಿಷಿನಲ್ಲಿ, ನಿಮಗೆ ಇಷ್ಟು ಚೆನ್ನಾಗಿ ಇಂಗ್ಲಿಷ್ ಕಲಿಸಿದವರು ಯಾರು ಎಂದು ಕೇಳಿದರು.

"ಇಂಗ್ಲಿಷ್ ವಾಜ್ ಟಾಟ್ ಟು ಮೀ" ಎಂದಳು ದಾನವ್ವ. ಇಂಗ್ಲಿಷ್ ನನಗೆ ಕಲಿಸಲ್ಪಟ್ಟಿತು.

"ಬೈ ಹೂಮ್?" ಯಾರಿಂದ?

"ಇಂಗ್ಲಿಷ್ ವಾಜ್ ಟಾಟ್ ಟು ಮೀ ಎಟ್ ಹೋಮ್." ಮನೆಯಲ್ಲಿ.

ಹುಡುಗಿಯರು ಕಿಸಕ್ಕನೆ ನಕ್ಕರು. ಸುಮನಬಾಯಿ ನಗಲಿಲ್ಲ. ಅದನ್ನೇ ಕರ್ತರಿಯಲ್ಲಿ ಹೇಳಿ ಎಂದರು.

"ದೇ ಟಾಟ್ ಮೀ ಇಂಗ್ಲಿಷ್." ಅವರು ನನಗೆ ಇಂಗ್ಲಿಷ್ ಕಲಿಸಿದರು.

"ದೇ? ಹೌ ಮೆನಿ?" ಎಷ್ಟು ಮಂದಿ?

"ಒನ್" ಎಂದಳು ದಾನವ್ವ.

ಪಾಪ, ಅವಳೇನು ಮಾಡಿಯಾಳು? ಗಂಡನನ್ನು ಎತ್ತನ್ನು ಕರೆದ ಹಾಗೆ 'ಅವನು' ಅನ್ನಲು ಅವಳ ನಾಲಿಗೆ ಹೊರಳುತ್ತದೆಯೇ? ಒಬ್ಬನೇ ಇದ್ದರೂ ನಾನು ಅವಳಿಗೆ ಬಹುವಚನವೇ. ಇದನ್ನು ಮನೆಯಲ್ಲಿ ನಾನು ತಿದ್ದಿರಲಿಲ್ಲ. ಬಹುವಚನ ಯಾರಿಗೆ ಕಹಿ?

ಸುಮನಬಾಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕನ್ನಡಕ್ಕೆ ಬಂದರು.

"ತಿಳೀತು ಬಾಯಾರ. ಯಜಮಾನರು ಕಲಿಸ್ಯಾರ. ಹೆಸರ ಹೇಳಬಾರದು. ನಮ್ಮ ಮರಾಠಿ ಮಂದ್ಯಾಗೂ ಇದ ರೂಢಿ ಅದ. ಆದ್ರ ಈ ಖೋಲಿಯೊಳಗ ಬರೋ ಹುಡುಗ್ಯಾರು ಮಾತ ನುಂಗೋದನ್ನ ನಿಮ್ಮ ಕಡಿಂದ ಕಲೀಬಾರದು. ಬಾಯಾರ, ನಿಮಗ ಯಾರು ಕಲಿಸಿದ್ರು ಅಂತ ನಾಳೆ ಒಬ್ಬಾಕಿ ಕೇಳತಾಳ. ಆಗೂ ಹಿಂಗ ಸುತ್ತಾಡಸ್ತೀರೇನು? ಹೆಸರ ಹಿಡದು ಹೇಳ್ರಿ. ಇಲ್ಲಂದ್ರ ನಾ ಪಾಸ್ ಅನ್ನಂಗಿಲ್ಲ."

ನನ್ನ ಸಿಟ್ಟು ನೆತ್ತಿಗೇರಿತು. ಒಳಗೆ ನುಗ್ಗಿ, ನಾನ ಉಳವಪ್ಪ, ಇಲ್ಲಿದ್ದೇನಿ, ಬರಕೋರಿ ಎಂದು ಮೇಜು ಗುದ್ದಬೇಕೆನ್ನಿಸಿತು. ಎದ್ದೂ ನಿಂತೆ. ಅವ್ವ ನನ್ನ ಧೋತರದ ಚುಂಗು ಹಿಡಿದು ಜಗ್ಗಿದಳು. "ಕೂಡ್ರು. ಪರೀಕ್ಷಾ ಆಕೀದು, ನಿಂದಲ್ಲ."

ಒಳಗೆ ದಾನವ್ವ ಕಿಟಕಿಯ ಕಡೆ ನೋಡಿದಳು. ಅಲ್ಲಿ ನಾನಿದ್ದೆ, ಅವ್ವನಿದ್ದಳು. ಹೆಸರು ಹೇಳದಿದ್ದರೆ ಸುಮನಬಾಯಿ ಬಿಡುವುದಿಲ್ಲ, ಹೇಳಿದರೆ ಅವ್ವ ಬಿಡುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಹೋಯಿತು ಎಂದುಕೊಂಡೆ. ನನಗೆ ಅಳುವೇ ಬಂದ ಹಾಗಾಯಿತು.

ಅಷ್ಟರಲ್ಲಿ ದಾನವ್ವ ಸೆರಗು ಸರಿಮಾಡಿಕೊಂಡಳು. ಬಾಗಿಲಲ್ಲಿ ಗುಂಪು ಕಟ್ಟಿದ ಹುಡುಗಿಯರನ್ನು ಒಮ್ಮೆ ನೋಡಿದಳು, ತುಟಿಯ ತುದಿಯಲ್ಲಿ ನಗು ಬಂತು. ಆ ನಗುವನ್ನು ನಾನು ಬಲ್ಲೆ. ನನ್ನ ತಂಗಿಯರು ಹೊಸ್ತಿಲಿಗೆ ಅಡ್ಡ ನಿಂತಾಗ ಬಂದದ್ದು ಅದೇ ನಗು. ತಲೆ ತಗ್ಗಿಸಿ, ರಾಗ ಎಳೆದು ಶುರು ಮಾಡಿದಳು:

"ದಿ ಬ್ರೆಡ್ ಈಜ್ ಮೇಡ್ ಬೈ ಅವ್ವ,
ದಿ ಪ್ಯಾಡಿ ಈಜ್ ಸೋನ್ ಬೈ ಅಪ್ಪ,
ಇಂಗ್ಲಿಷ್ ವಾಜ್ ಟಾಟ್ ಟು ಮೀ ಬೈ... ಉಳವಪ್ಪ."

ರೊಟ್ಟಿ ಅವ್ವನಿಂದ, ಭತ್ತ ಅಪ್ಪನಿಂದ, ಇಂಗ್ಲಿಷ್ ನನ್ನಿಂದ! ಹುಡುಗಿಯರು ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದರು. ಕೆಲವರಿಗೆ ಅರ್ಥವಾಗಿರಲಿಲ್ಲ, ಆದರೆ ಒಡಪಿನ ಧಾಟಿ ಯಾರಿಗೆ ತಿಳಿಯುವುದಿಲ್ಲ? ಸುಮನಬಾಯಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನಾನು ಕಟ್ಟೆಯಿಂದ ಜಿಗಿದು ಗೌಸಸಾಬನ ಕುದುರೆಯ ಕುತ್ತಿಗೆ ತಟ್ಟಿ ಬಂದೆ. ಯಾರನ್ನಾದರೂ ತಟ್ಟಬೇಕಾಗಿತ್ತು, ಕುದುರೆ ಹತ್ತಿರವಿತ್ತು.

"ಒಡಪ ಹಾಕಿದಳೇನ?" ಅವ್ವ ಕೇಳಿದಳು.

"ಹಾಕಿದಳು. ಇಂಗ್ಲಿಷಿನ್ಯಾಗ ಹಾಕಿದಳು."

"ಒಡಪಿನ್ಯಾಗ ಹೇಳಿದ್ರ ದೋಷಿಲ್ಲ" ಎಂದಳು ಅವ್ವ, ಕೋರ್ಟಿನ ತೀರ್ಪು ಕೊಟ್ಟ ಹಾಗೆ.

ಆದರೆ ಸುಮನಬಾಯಿ ನಗು ಮುಗಿಸಿ ಕಣ್ಣೊರಸಿಕೊಂಡು ಹೇಳಿದರು: "ಒಡಪ ಭಾಳ ಛಂದ ಆತು. ಆದ್ರ ಇದು ಕರ್ಮಣಿ. ನಾ ಕೇಳಿದ್ದು ಕರ್ತರಿ. ಮಾಡಿದವರು ಮುಂದ ಬರಬೇಕು."

ಕರ್ಮಣಿಯಲ್ಲಾದರೆ ಹೆಸರು ಬಾಲದಲ್ಲಿ, ಪದ್ಯದ ಮರೆಯಲ್ಲಿ ಹೋಗಿಬಿಡುತ್ತದೆ. ಕರ್ತರಿಯಲ್ಲಿ ಅದು ಎಲ್ಲಕ್ಕಿಂತ ಮೊದಲು, ಬೋಳಾಗಿ ಬರಬೇಕು. ದಾನವ್ವನ ನಗು ಇಳಿಯಿತು. ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು, ನನ್ನನ್ನಲ್ಲ, ಅವ್ವನನ್ನು ನೋಡಿದಳು.

"ಮತ್ತ ಯಾಕ ಸುಮ್ಮ ನಿಂತಾಳ?" ಅವ್ವ ನನ್ನನ್ನು ಕೇಳಿದಳು.

ನಾನು ಹೇಳಿದೆ. ಹೆಸರು ಮೊದಲು ಬರಬೇಕಂತೆ, ಒಡಪಿಲ್ಲದೆ. ಅವ್ವ ಬಾಯಲ್ಲಿನ ಎಲೆ ಅಗಿಯುವುದನ್ನು ನಿಲ್ಲಿಸಿದಳು. ಮೆಲ್ಲಗೆ ಎದ್ದು, ಕಿಟಕಿಯ ಸರಳು ಹಿಡಿದು ನಿಂತಳು. ಅವ್ವ ಇಲ್ಲಿಯೇ ಎಲ್ಲ ಮುಗಿಸಿಬಿಡುತ್ತಾಳೆ, ಸೊಸೆಯನ್ನು ಎಬ್ಬಿಸಿಕೊಂಡು ಮನೆಗೆ ನಡೆಯುತ್ತಾಳೆ ಅನ್ನಿಸಿತು.

"ದಾನವ್ವಾ" ಎಂದಳು ಅವ್ವ. "ಒಡಪ ಹಾಕಿದಿ, ಹೊಸ್ತಿಲ ದಾಟಿದಿ. ದಾಟಿದ ಮ್ಯಾಲೂ ಅಲ್ಲೇ ನಿಂತರ ಒಳಗಿನ ಕೆಲಸ ಯಾರ ಮಾಡಬೇಕು? ಹೇಳು."

"ಅತ್ತೀ, ನೀವ ಬ್ಯಾಡ ಅಂದಿದ್ರಿ."

"ಈಗ ನಾನ ಹೇಳಾಕತ್ತೇನಿ. ಹೇಳು."

ದಾನವ್ವ ಸುಮನಬಾಯಿಯ ಕಡೆ ತಿರುಗಿ, ತಲೆ ಎತ್ತಿ, ರಾಗವಿಲ್ಲದೆ, ಪದ್ಯವಿಲ್ಲದೆ ಹೇಳಿದಳು:

"ಉಳವಪ್ಪ ಟಾಟ್ ಮೀ ಇಂಗ್ಲಿಷ್."

ಅಂಗಡಿಯಲ್ಲಿ ದಿನಕ್ಕೆ ನೂರು ಮಂದಿ ನನ್ನ ಹೆಸರು ಕೂಗುತ್ತಾರೆ. ಉಳವಪ್ಪಾ ತೂಕ ಸರಿ ನೋಡು, ಉಳವಪ್ಪಾ ಜೋಳದಾಗ ಮಣ್ಣೈತಿ. ಆದರೆ ಆ ಹೆಸರು ನನ್ನದೇ ಎಂದು ನನಗೆ ಗೊತ್ತಾದದ್ದು ಆ ಹೊತ್ತು. ಕಣ್ಣಲ್ಲಿ ನೀರು ಬಂತು. ಮುಚ್ಚಿಡುವುದೇಕೆ, ಅತ್ತುಬಿಟ್ಟೆ. ಗೌಸಸಾಬ ಟಾಂಗಾದಿಂದಲೇ, "ಏನಾತ್ರಿ ಸಾವಕಾರ್ರ, ನಾಪಾಸೇನ್ರಿ?" ಎಂದು ಕೇಳಿದ.

"ಪಾಸ್" ಎಂದು ಒಳಗಿನಿಂದ ಸುಮನಬಾಯಿಯೇ ಉತ್ತರ ಕೊಟ್ಟರು.

ತಿರುಗಿ ಬರುವಾಗ ಟಾಂಗಾದಲ್ಲಿ ನನ್ನ ಬಾಯಿ ನಿಲ್ಲಲಿಲ್ಲ. ವರ್ಗ ಯಾವಾಗ ಶುರು, ಕರಿಹಲಗೆ ಎಲ್ಲಿಂದ ತರಿಸುವುದು, ತಡಸದಲ್ಲಿರುವ ಸೋದರಮಾವನ ಮಗಳನ್ನೂ ಕರೆಸಿ ಕಲಿಸೋಣ, ಹೀಗೆ ಮಾತಾಡಿದ್ದೇ ಮಾತಾಡಿದ್ದು. ದಾನವ್ವ ಒಂದೊಂದಕ್ಕೂ ನಗುತ್ತಿದ್ದಳು. ಅವ್ವ ಮಾತ್ರ ರಸ್ತೆ ನೋಡುತ್ತ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಬೇ, ನೀನ ಬ್ಯಾಡಂದಾಕಿ, ನೀನ ಹೇಳು ಅಂದೆಲ್ಲ. ನನ್ನ ಆಯುಷ್ಯ ಸವೀಲಿಲ್ಲೇನ?"

ಅವ್ವ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ನಿಮ್ಮಪ್ಪ ಹೋಗೂ ದಿನ ನೀ ಧಾರವಾಡದಾಗಿದ್ದಿ" ಎಂದಳು. "ಜ್ವರಾ ನೆತ್ತಿಗೇರಿತ್ತು. ನನ್ನ ಕೈ ಹಿಡಕೊಂಡು, ಒಮ್ಮೆ ಹೆಸರ ಹಿಡದ ಕರಿ ಅಂದ್ರು. ನಿನ್ನ ಬಾಯಾಗ ನನ್ನ ಹೆಸರ ಹೆಂಗ ಕೇಳಸತೈತಿ ನೋಡತೇನಿ ಅಂದ್ರು. ನಾ ಕರೀಲಿಲ್ಲ. ಕರದ್ರ ಹೋಗಿಬಿಡ್ತಾರಂತ ಅಂಜಿದೆ." ಸೆರಗಿನಿಂದ ಮೂಗು ಒರಸಿಕೊಂಡಳು. "ಕರೀದಿದ್ರೂ ಹ್ವಾದ್ರು."

ದಾನವ್ವ ಅತ್ತೆಯ ಕೈ ಹಿಡಿದುಕೊಂಡಳು. ಪೇಟೆಯ ಗದ್ದಲ ಹತ್ತಿರವಾಗುತ್ತಿತ್ತು.

"ಹೆಸರ ಮೊದಲ ಬರಬೇಕಲ್ಲ, ಆ ಎಂಥದೋ ಅಂತಾರಲ್ಲ ಅದರಾಗ?" ಅವ್ವ ಸೊಸೆಯನ್ನು ಕೇಳಿದಳು.

"ಹೂಂನ್ರಿ ಅತ್ತಿ. ಕರ್ತರಿ."

"ಇಂಗ್ಲಿಷಿನ್ಯಾಗ ಕರದ್ರ ಅವರಿಗೆ ತಿಳಿಯಂಗಿಲ್ಲ. ಅವರು ಸಾಲಿ ಕಲಿತವರಲ್ಲ."

"ಕನ್ನಡದಾಗ ಕರೀರಿ ಅತ್ತಿ."

ಅವ್ವ ಬಾಯಲ್ಲಿನ ಎಲೆ ಉಗುಳಿದಳು. ಬಾಯಿ ಒರಸಿಕೊಂಡಳು. ಟಾಂಗಾ ಕಾಳಿನ ಪೇಟೆಯ ನಟ್ಟನಡುವೆ, ಚೀಲ ಇಳಿಸುವವರ, ದಲಾಲರ ಮಧ್ಯೆ ಸಾಗಿತ್ತು. ಅಲ್ಲಿ ನನ್ನವ್ವ ಎದೆ ತುಂಬ ಉಸಿರೆಳೆದು ಕೂಗಿದಳು:

"ಫಕ್ಕೀರಪ್ಪಾ!"

ನಮ್ಮ ಊರಲ್ಲಿ ಆ ಹೆಸರಿಗೆ ಬರವಿಲ್ಲ. ಎಡಗಡೆಯ ಅಂಗಡಿಯಿಂದ ಒಬ್ಬ "ಓ" ಎಂದ. ಚೀಲ ಹೊತ್ತಿದ್ದ ಇನ್ನೊಬ್ಬ ನಿಂತು ತಿರುಗಿ ನೋಡಿದ. "ಯಾರಬೇ ಕರದಾಕಿ?" ಎಂದು ಮತ್ತೊಬ್ಬ ಹಮಾಲ ಓಡಿ ಬಂದ.

ಅವ್ವ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಕೈ ಬೀಸಿ ಅವರನ್ನೆಲ್ಲ ಕಳಿಸಿದಳು.

"ನಿಮ್ಮನ್ನಲ್ಲಪಾ, ಹೋಗ್ರಿ" ಎಂದಳು. "ನಮ್ಮವರನ್ನ ಕರದೆ."